ಗಡ್ಡನ ಗಿರಾಕಿ

ಬಾನೆಟ್ಟಿನ ಸಂದಿಗೆ ಬೆರಳು ತೂರಿಸಿ ಮಗಳು ಕೊಂಡಿ ಹುಡುಕುತ್ತಿದ್ದಳು. ಕಣ್ಣು ಮುಚ್ಚಿದರೂ ಸಿಗಬೇಕಾದ ಜಾಗ. ಗ್ಯಾರೇಜಿನಲ್ಲಿ ದಿನವಿಡೀ ಬಾನೆಟ್ ಎತ್ತುವ ಕೈ ಅದು. ಆದರೆ ಈ ಒಂದು ಕಾರನ್ನು ಮುಟ್ಟದೆ ಆರು ವರ್ಷವಾಗಿತ್ತು. ಬೆರಳು ಎರಡು ಸಲ ಜಾರಿತು.

"ಬಿಡೇ ಅದನ್ನ," ಅಂದ ಮಾವ, ಗೇಟಿನ ಹತ್ತಿರ ನಿಂತುಕೊಂಡೇ. ಅಮ್ಮನ ತಮ್ಮ ಅವನು. ಅವನ ದೊಡ್ಡ ಕಾರು ಅರ್ಧ ಬೀದಿ ಹಿಡಿದು ನಿಂತಿತ್ತು. "ನನ್ನದರಲ್ಲಿ ಏಳು ಜನ ಆರಾಮಾಗಿ ಕೂರ್ತಾರೆ. ಇವತ್ತೂ ಈ ಡಬ್ಬಾನೇ ಬೇಕಾ?"

"ಅಮ್ಮನ್ನ ಕೇಳು ಮಾವ."

"ಕೇಳ್ದೆ. ನಿನ್ನ ಕಾರಲ್ಲಿ ಹೋದ್ರೆ ನಿಮ್ಮ ಭಾವ ದಾರೀಲೇ ಎದ್ದು ಕೂತು, 'ಲೀಟರಿಗೆ ಎಷ್ಟು ಕೊಡುತ್ತೆ' ಅಂತ ಕೇಳ್ತಾರೆ ಅಂದ್ಲು."

ಒಳಗೆ, ಮುಂದಿನ ಕೋಣೆಯಲ್ಲಿ, ಅಪ್ಪ ಮಲಗಿದ್ದ. ಕುರ್ಚಿಗಳನ್ನೆಲ್ಲ ಹೊರಗೆ ಹಾಕಿದ್ದರಿಂದ ಕೋಣೆ ದೊಡ್ಡದಾಗಿ ಕಾಣುತ್ತಿತ್ತು. ಸ್ಮಶಾನಕ್ಕೆ ಒಯ್ಯುವ ವ್ಯಾನು ಇನ್ನೇನು ಬರುವುದರಲ್ಲಿತ್ತು. ಅಮ್ಮ ಬೆಳಿಗ್ಗೆಯಿಂದ ಹೇಳಿದ್ದು ಒಂದೇ ಮಾತು: ವ್ಯಾನಿನ ಹಿಂದೆ ಅವರ ಕಾರೇ ಹೋಗಬೇಕು, ನಾನು ಅದರಲ್ಲೇ ಕೂರಬೇಕು. ಅಪ್ಪ ಮೂರು ವಾರ ಆಸ್ಪತ್ರೆಯಲ್ಲಿದ್ದಾಗ ಕಾರು ನಿಂತಲ್ಲೇ ನಿಂತಿತ್ತು. ಕೀಲಿ ತಿರುಗಿಸಿದರೆ ಟಿಕ್ ಟಿಕ್ ಅಂದು ಸುಮ್ಮನಾಗುತ್ತಿತ್ತು.

ಕೊಂಡಿ ಸಿಕ್ಕಿತು. ಬಾನೆಟ್ ಎತ್ತಿ ಕಡ್ಡಿಯ ಆಸರೆ ಕೊಟ್ಟಳು. ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಟರಿಯಲ್ಲ. ಪೆಟ್ರೋಲ್ ಪೈಪನ್ನು ಎರಡೂ ಕಡೆಯಿಂದ ಕಚ್ಚಿಕೊಂಡು ಎರಡು ಕಪ್ಪು ತುಂಡುಗಳು ಕೂತಿದ್ದವು. ಅಯಸ್ಕಾಂತ. ಅದರ ಮೇಲೆ ಧೂಳು ಕೂಡ ಇರಲಿಲ್ಲ, ನಿನ್ನೆಯಷ್ಟೇ ಒರೆಸಿಟ್ಟ ಹಾಗಿತ್ತು.

ಹಾಗಾದರೆ ಅಪ್ಪ ಇದನ್ನು ತೆಗೆದಿರಲಿಲ್ಲ. ಆರು ವರ್ಷ ಸಿಟ್ಟನ್ನೂ ಇದನ್ನೂ ಜೊತೆಯಲ್ಲೇ ಕಾಪಾಡಿಕೊಂಡು ಬಂದಿದ್ದ. ಆಸ್ಪತ್ರೆಯಲ್ಲಿ ಮಂಚದ ಪಕ್ಕ ಕೂತಾಗ ಅವಳು ಕೇಳಬೇಕೆಂದುಕೊಂಡದ್ದು ಒಂದೇ ಪ್ರಶ್ನೆ: ಅಪ್ಪಾ, ಆ ವಿಷಯಕ್ಕೆ ನನ್ನ ಮೇಲೆ ಇನ್ನೂ ಸಿಟ್ಟಿದೆಯಾ? ಪ್ರತಿ ಸಲವೂ ನರ್ಸ್ ಒಳಗೆ ಬಂದಳು, ಇಲ್ಲವೇ ಮಾತ್ರೆಯ ಹೊತ್ತಾಯಿತು, ಇಲ್ಲವೇ ಅಪ್ಪನೇ ಮುಂಚೆ ಬಾಯಿ ತೆರೆದು "ಊಟ ಮಾಡ್ದ್ಯಾ?" ಅಂದ. ಈಗ ಉತ್ತರ ಪೈಪಿಗೆ ಅಂಟಿಕೊಂಡು ಕೂತಿತ್ತು.

*

ಅಪ್ಪ ಗುಂಡಿ ಮಾರುತ್ತಿದ್ದ. ಅಂಗಿಯ ಗುಂಡಿ, ಜಿಪ್ಪು, ದಾರದ ಉಂಡೆ. ಸುತ್ತಲಿನ ಊರುಗಳ ಟೈಲರ್ ಅಂಗಡಿಗಳಿಗೆ ಹೋಗಿ ತಟ್ಟೆಗಳನ್ನು ಬಿಚ್ಚಿ ತೋರಿಸಿ ಆರ್ಡರ್ ತರುವುದು ಕೆಲಸ. ಕಂಪನಿ ಕೊಡುವ ಪೆಟ್ರೋಲ್ ಭತ್ಯೆ ತಿಂಗಳಿಗೆ ಇಷ್ಟೇ ಎಂದು ನಿಗದಿಯಾಗಿತ್ತು. ಉಳಿದದ್ದು ಮನೆಗೆ, ಮೀರಿದ್ದು ಸ್ವಂತ ಜೇಬಿನಿಂದ. ಅಪ್ಪನ ಅರ್ಧ ಸ್ವಭಾವವನ್ನು ಆ ಒಂದು ನಿಯಮವೇ ತಿದ್ದಿ ತೀಡಿತ್ತು.

ಭಾರ ಇಳಿಯಲಿ ಅಂತ ಆಗಿದ್ದ ಹಳೇ ಕಾರಿನ ಹಿಂದಿನ ಸೀಟು ಕಿತ್ತು ಅಟ್ಟಕ್ಕೆ ಹಾಕಿದ. ಆಮೇಲೆ ಸ್ಟೆಪ್ನಿ ಚಕ್ರವನ್ನೂ ಹಾಕಿದ. ಒಮ್ಮೆ ನಡುದಾರಿಯಲ್ಲಿ ಪಂಕ್ಚರ್ ಆಗಿ ಮೂವರೂ ಬಸ್ ಹಿಡಿದು ಮನೆಗೆ ಬಂದರು. ಅಟ್ಟದಲ್ಲಿ ಬೆಚ್ಚಗೆ ಮಲಗಿದ್ದ ಸ್ಟೆಪ್ನಿಯನ್ನು ನೋಡಿ ಅಮ್ಮ ಒಂದು ವಾರ ಅವನ ಜೊತೆ ಮಾತು ಬಿಟ್ಟಳು. ಟ್ಯಾಂಕನ್ನು ಅಪ್ಪ ಎಂದೂ ಅರ್ಧದ ಮೇಲೆ ತುಂಬಿಸಿದವನಲ್ಲ. "ಪೆಟ್ರೋಲ್ ಹೊರೋಕೆ ಪೆಟ್ರೋಲ್ ಸುಡಬೇಕಾ?" ಅನ್ನುತ್ತಿದ್ದ. ಅದನ್ನೂ ಬೆಳಕು ಹರಿಯುವ ಮುಂಚೆಯೇ ಹಾಕಿಸಬೇಕು, ತಣ್ಣಗಿದ್ದಾಗ ಗಟ್ಟಿಯಾಗಿರುತ್ತದೆ, ಅದೇ ಅಳತೆಗೆ ಜಾಸ್ತಿ ಬರುತ್ತದೆ.

ಶಾಲೆಗೆ ರಜೆ ಇದ್ದ ದಿನ ಅವಳೂ ಹೋಗುತ್ತಿದ್ದಳು. ಸೀಟಿಲ್ಲದ ಹಿಂಭಾಗದಲ್ಲಿ, ಗುಂಡಿಯ ತಟ್ಟೆಗಳ ನಡುವೆ, ಮಡಿಸಿದ ಕಂಬಳಿಯ ಮೇಲೆ ಅವಳ ಜಾಗ. ಊರಿನ ಆಚೆ ಉದ್ದನೆಯ ಇಳಿಜಾರಿತ್ತು. ಅದರ ನೆತ್ತಿ ತಲುಪಿದೊಡನೆ ಅಪ್ಪ ನ್ಯೂಟ್ರಲ್ ಹಾಕಿ, ಇಂಜಿನ್ ಆರಿಸಿ, "ಇಲ್ಲಿಂದ ಪುಕ್ಕಟೆ" ಅನ್ನುತ್ತಿದ್ದ. ಕಾರು ಸದ್ದಿಲ್ಲದೆ ಉರುಳುತ್ತಿತ್ತು. ಆಗ ಮಾತ್ರ ಗುಂಡಿಗಳ ಸದ್ದು ಕೇಳುತ್ತಿತ್ತು, ಸಾವಿರಾರು ಗುಂಡಿಗಳು ತಟ್ಟೆಯೊಳಗೆ ಮೆಲ್ಲಗೆ ಸರಿದಾಡುವ ಸದ್ದು. ಇಂಜಿನ್ ಅನ್ನುವ ವಸ್ತುವಿನ ಬಗ್ಗೆ ಅವಳಿಗೆ ಕುತೂಹಲ ಹುಟ್ಟಿದ್ದು ಅದು ನಿಂತಾಗ.

ಟೈಲರುಗಳೆಲ್ಲ ಅವನಿಗೆ ಇಟ್ಟ ಹೆಸರೂ ಅದೇ: ಪುಕ್ಕಟೆ ಯಜಮಾನರು.

*

"ನನ್ನೂ ಒಂದ್ಸಲ ಕತ್ತಲಲ್ಲೇ ಎಬ್ಬಿಸ್ಕೊಂಡು ಹೋಗಿದ್ರು ಬಂಕಿಗೆ," ಅನ್ನುತ್ತಿದ್ದ ಮೂಲೆ ಅಂಗಡಿಯ ಟೈಲರ್, ಜಗಲಿಗೆ ತಂದು ಹಾಕಿದ್ದ ಕುರ್ಚಿಯಲ್ಲಿ ಕೂತು. ಅಪ್ಪನಿಗಿಂತ ಒಂದು ವರ್ಷ ದೊಡ್ಡವನು. "ನನ್ನ ಹತ್ರ ಗಾಡಿ ಅನ್ನೋದೇ ಇಲ್ಲ. ಆದ್ರೂ ಎದ್ದು ಹೋದೆ. ಹಾಗಿರ್ತಿತ್ತು ಅವರು ಹೇಳೋ ರೀತಿ."

"ಬೆಳಿಗ್ಗೆ ಗಟ್ಟಿ ಇರುತ್ತೆ ಅನ್ನೋದು ನಿಜ ಕಣ್ರೀ," ಅಂದ ಮಾವ. "ಭಾವನ್ನ ಎಷ್ಟೇ ಆಡ್ಕೊಂಡ್ರೂ ನಾನೂ ಬೆಳಿಗ್ಗೇನೇ ಹಾಕ್ಸೋದು."

ಬಂಕಿನ ಟ್ಯಾಂಕು ನೆಲದಡಿ ಇರುತ್ತೆ ಮಾವ, ಅದಕ್ಕೆ ಬೆಳಗೂ ಒಂದೇ ಮಧ್ಯಾಹ್ನವೂ ಒಂದೇ. ಮಾತು ನಾಲಿಗೆಯ ತುದಿಗೆ ಬಂತು. ಅವಳು ನುಂಗಿಕೊಂಡಳು. ಇಂಥದೇ ಮಾತೊಂದನ್ನು ಆವತ್ತು ನುಂಗಿಕೊಂಡಿದ್ದರೆ ಇವತ್ತು ಈ ಬಾನೆಟ್ಟಿನ ಕೊಂಡಿ ಎಲ್ಲಿದೆ ಅಂತ ತಡಕಾಡಬೇಕಿರಲಿಲ್ಲ.

*

ಆವತ್ತು ಅಪ್ಪ ಅವಳ ಗ್ಯಾರೇಜಿಗೆ ಒಬ್ಬನೇ ಬಂದಿರಲಿಲ್ಲ. ಬೀದಿಯ ನಾಲ್ಕಾರು ಜನರನ್ನು ಕರೆದುಕೊಂಡು ಬಂದಿದ್ದ. ಕೈಯಲ್ಲಿ ಗುಂಡಿಯ ಚೀಲ, ಅದರ ತುಂಬ ಅಯಸ್ಕಾಂತ. ಯಾರೋ ಒಬ್ಬ ಅವನಿಗೆ ಮಾರಿ ಹೋಗಿದ್ದ. ಪೈಪಿಗೆ ಸಿಕ್ಕಿಸಿದರೆ ಪೆಟ್ರೋಲಿನ ಕಣಗಳು ಸಾಲಾಗಿ ನಿಂತು ಪೂರ್ತಿ ಉರಿಯುತ್ತವೆಯಂತೆ. ಅಪ್ಪ ತಾನೂ ಹಾಕಿಸಿಕೊಂಡು, ಬೀದಿಯವರಿಗೂ ಕೊಟ್ಟಿದ್ದ. ಒಬ್ಬಿಬ್ಬರಿಗೆ ಅನುಮಾನ ಬಂದಾಗ ಎಲ್ಲರನ್ನೂ ಇಲ್ಲಿಗೆ ಹೊರಡಿಸಿದ್ದ.

"ನಾನು ಹೇಳಿದ್ರೆ ನಂಬಬೇಡಿ," ಅಂದ ಅಪ್ಪ. "ನನ್ನ ಮಗಳು ಹೇಳ್ತಾಳೆ, ಕೇಳಿ."

ಅವಳು ಯಾವುದೋ ಕಾರಿನ ಕೆಳಗಿಂದ ಎದ್ದು ಬಂದವಳು, ಕೈ ಒರೆಸಿಕೊಳ್ಳುತ್ತಲೇ ಹೇಳಿದಳು. "ಅಪ್ಪಾ, ಇದರಿಂದ ಏನೂ ಆಗಲ್ಲ. ಯಾರೋ ನಿನಗೆ ಚೆನ್ನಾಗಿ ಟೋಪಿ ಹಾಕಿದಾರೆ. ಪೆಟ್ರೋಲ್ ಉಳೀಬೇಕಾ? ಟಯರಿಗೆ ಸರಿಯಾಗಿ ಗಾಳಿ ಹಾಕ್ಸು. ಏರ್ ಫಿಲ್ಟರ್ ಕೊಳೆ ಕಟ್ಟಿರುತ್ತೆ, ಬದಲಾಯ್ಸು. ಇಳಿಜಾರಲ್ಲಿ ನ್ಯೂಟ್ರಲ್ ಹಾಕೋದು ಬಿಡು. ಹಳೇ ಕಾರಿನ ಕಾಲ ಹೋಯ್ತು. ಈಗಿನ ಕಾರಲ್ಲಿ ಗೇರಲ್ಲೇ ಇಟ್ಟು ಕಾಲು ತೆಗೆದ್ರೆ ಪೆಟ್ರೋಲ್ ತಾನಾಗೇ ನಿಲ್ಲುತ್ತೆ. ನ್ಯೂಟ್ರಲಲ್ಲಿ ಸುಮ್ನೆ ಕುಡಿಯುತ್ತೆ."

ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬಂದವರಲ್ಲಿ ಒಬ್ಬ ನಕ್ಕ. ಅಪ್ಪ ಒಬ್ಬೊಬ್ಬರ ಕೈಯಿಂದಲೂ ಅಯಸ್ಕಾಂತ ವಾಪಸ್ ಇಸಿದುಕೊಂಡು ಚೀಲಕ್ಕೆ ಹಾಕಿದ. ಅವು ಒಂದಕ್ಕೊಂದು ಅಂಟಿಕೊಂಡು ಟಕ್ ಟಕ್ ಅಂದವು. "ಸರಿ, ಕೆಲಸ ನೋಡ್ಕೋ," ಅಂದು ಹೊರಟ.

ಆ ತಿಂಗಳಿನಿಂದ ಅವನ ಕಾರು ಕೆಳಬೀದಿಯ ಗಡ್ಡನ ಗ್ಯಾರೇಜಿಗೆ ಹೋಗತೊಡಗಿತು. ಜಗಳವೇನೂ ಆಗಲಿಲ್ಲ. ಅಪ್ಪ ಹುಟ್ಟುಹಬ್ಬಕ್ಕೆ ಬಂದ, ಕಾಯಿಲೆಯಾದಾಗ ಬಂದ, ಅವಳ ಗ್ಯಾರೇಜಿನ ಮುಂದಿನ ಬೆಂಚಿನ ಮೇಲೆ ಕೂತು ಟೀ ಕುಡಿದ. ನಡೆದೇ ಬರುತ್ತಿದ್ದ. ಕಾರಿನ ಮಾತೊಂದು ಬಿಟ್ಟು ಎಲ್ಲ ಮಾತಾಡಿದ. ತಮ್ಮಿಬ್ಬರ ನಡುವೆ ಕಾರು ಬಿಟ್ಟರೆ ಬೇರೆ ಮಾತು ಇದ್ದದ್ದೇ ಇಲ್ಲ ಅನ್ನುವುದು ಅವಳಿಗೆ ಆಗ ತಿಳಿಯಿತು.

*

ಗಡ್ಡ ಸ್ಕೂಟರಿನಲ್ಲಿ ಬಂದ. ಕಾಲಿಡುವ ಜಾಗದಲ್ಲಿ ಹೊಸ ಬ್ಯಾಟರಿ. ಇಳಿದವನು ಒಳಗೆ ಹೋಗಿ ಅಪ್ಪನ ಮುಖ ನೋಡಿಕೊಂಡು ಬಂದು, ಬಾನೆಟ್ಟಿನ ಕೆಳಗೆ ಬಗ್ಗಿದ.

"ಬ್ಯಾಟರಿ ಅಂತ ನಿನಗೆ ಯಾರು ಹೇಳಿದ್ರು?" ಅಂದಳು ಮಗಳು.

"ಯಾರು ಹೇಳಬೇಕು ಅಕ್ಕಾ? ಬೇಸಿಗೇಲೇ ಬಡ್ಕೊಂಡೆ, ಬದಲಾಯಿಸಿ ಯಜಮಾನ್ರೇ ಅಂತ. 'ನಾನಿರೋವರೆಗೂ ಅದಿರುತ್ತೆ ಬಿಡೋ' ಅಂದ್ರು." ಸ್ವಲ್ಪ ತಡೆದ. "ಹಾಗೇ ಆಯ್ತು ನೋಡಿ."

ಇವನು ಅವಳಿಗಿಂತ ದೊಡ್ಡವನು, ಆದರೂ ಅಕ್ಕ ಅನ್ನುತ್ತಿದ್ದ. ಕಸುಬಿನಲ್ಲಿ ಸೋಲು ಒಪ್ಪಿಕೊಂಡವರ ವಿನಯ ಅದು ಅಂತ ಅವಳು ಅಂದುಕೊಂಡಿದ್ದಳು. ಯಾಕೆಂದರೆ ಈ ಗಡ್ಡ ಆಗಾಗ ಫೋನ್ ಮಾಡಿ ಸಲಹೆ ಕೇಳುತ್ತಿದ್ದ.

ಇಬ್ಬರೂ ಎದುರುಬದುರು ಬಗ್ಗಿ ಕೆಲಸಕ್ಕೆ ತೊಡಗಿದರು. ಅವಳು ಬ್ಯಾಟರಿ ತಂತಿಯ ನಟ್ಟು ಬಿಚ್ಚಿದಳು. ಇಡಲು ಜಾಗ ನೋಡದೆ, ಅಭ್ಯಾಸದ ಕೈ ಹತ್ತಿರವಿದ್ದ ಅಯಸ್ಕಾಂತದ ಕಡೆ ಹೋಯಿತು. ಟಕ್ ಅಂತ ಅದು ನಟ್ಟನ್ನು ಹಿಡಿದುಕೊಂಡಿತು. ಅವಳ ಕೈ ಅಲ್ಲೇ ನಿಂತಿತು.

"ಅದಿರೋದೇ ಅದಕ್ಕೆ," ಅಂದ ಗಡ್ಡ. "ಮೊದಲನೇ ಸಲ ಕಾರು ತಂದಾಗ ನಾನು ಕೀಳೋಕೆ ಹೋದೆ. 'ಇರ್ಲಿ ಬಿಡು, ನಟ್ಟು ಬೋಲ್ಟು ಕೆಳಗೆ ಬೀಳಲ್ಲ. ಬೇರೆ ಯಾತಕ್ಕೂ ಬರಲ್ಲ ಅಂತ ನನ್ನ ಮಗಳು ಹೇಳಿದಾಳೆ' ಅಂದ್ರು."

ಅವಳು ನಟ್ಟನ್ನು ಅಲ್ಲೇ ಬಿಟ್ಟು ಕೈ ತೆಗೆದಳು. ಕಣ್ಣು ಅತ್ತಿತ್ತ ಹರಿಯಿತು. ಪೆಟ್ಟಿಗೆಯ ಮುಚ್ಚಳ ಎತ್ತಿ ಏರ್ ಫಿಲ್ಟರ್ ನೋಡಿದಳು. ಕಾಗದದ ಮಡಿಕೆಗಳು ಬಿಳಿಯಾಗಿದ್ದವು.

"ಇದನ್ನ ಹಾಕಿದ್ದು ಯಾವಾಗ?"

"ನೀವು ಹೇಳಿದ ಮೇಲೆ."

"ನಾನಾ?"

ಗಡ್ಡ ಗಡ್ಡ ಕೆರೆದುಕೊಂಡ. "ನನ್ನ ಒಬ್ಬ ಗಿರಾಕಿ ಇದಾರೆ ಅಂತ ಫೋನ್ ಮಾಡ್ತಿದ್ನಲ್ಲ ಅಕ್ಕಾ."

ಆ ಗಿರಾಕಿ ಅವಳಿಗೆ ಚೆನ್ನಾಗಿ ನೆನಪಿದ್ದ. ವರ್ಷಗಟ್ಟಲೆ ತಲೆ ತಿಂದವನು. ಬೆಳಿಗ್ಗೆ ಎದ್ದು ಅಷ್ಟು ಹೊತ್ತು ಇಂಜಿನ್ ಬಿಸಿ ಮಾಡಿಯೇ ಹೊರಡಬೇಕಾ? ದುಬಾರಿ ಪೆಟ್ರೋಲ್ ಹಾಕಿದರೆ ಜಾಸ್ತಿ ಕೊಡುತ್ತಾ? ಕಿಟಕಿ ತೆರೆದರೆ ಲಾಭವೋ ಎಸಿ ಹಾಕಿದರೆ ಲಾಭವೋ? ನಿಂತಾಗ ಯಾಕೆ ನಡುಗುತ್ತೆ? ಅವಳು ಸ್ಪ್ಯಾನರ್ ಕೆಳಗಿಟ್ಟು ಪ್ರತಿಯೊಂದಕ್ಕೂ ಉತ್ತರ ಕೊಟ್ಟಿದ್ದಳು. ಗಡ್ಡನಿಗೆ ಪಾಪ ಇಷ್ಟೂ ಗೊತ್ತಿಲ್ಲವಲ್ಲ ಅಂತ ಮರುಕಪಟ್ಟಿದ್ದಳು ಕೂಡ.

"ದುಬಾರಿ ಪೆಟ್ರೋಲಿನ ವಿಷಯಕ್ಕೆ," ಅಂದಳು ನಿಧಾನವಾಗಿ, "ನಾನು ಏನೋ ಅಂದಿದ್ದೆ."

"ಕತ್ತೆಗೆ ಕಸ್ತೂರಿ ಬಳಿದ್ರೆ ಕುದುರೆ ಆಗುತ್ತಾ ಅಂತ ನಿನ್ನ ಗಿರಾಕೀನ ಕೇಳು ಅಂದಿದ್ರಿ."

"ಅದನ್ನೂ ಹೇಳ್ದ್ಯಾ?"

"ನಾನೇನು ಹೇಳೋದು? ಪಕ್ಕದಲ್ಲೇ ಕೂತಿರ್ತಿದ್ರು. ಸ್ಪೀಕರ್ ಹಾಕೋ ಅಂತಿದ್ರು. ಆವತ್ತು ನಕ್ಕೂ ನಕ್ಕೂ ಕೆಮ್ಮು ಬಂತು. 'ಬುದ್ಧಿ ನನ್ನದು, ಬಾಯಿ ಅವರಮ್ಮಂದು' ಅಂದ್ರು."

ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೆಳಬೀದಿಗಿಂತ ತನ್ನ ಗ್ಯಾರೇಜೇ ಹತ್ತಿರ. "ನನ್ನೇ ಕೇಳಬಹುದಿತ್ತಲ್ಲ."

"ನಾನೂ ಅದನ್ನೇ ಅಂದೆ. 'ನೋಡೋಣ, ಮುಂದಿನ ಸರ್ವೀಸಿಗೆ ಅಲ್ಲಿಗೇ ಹೋಗ್ತೀನಿ' ಅಂತಿದ್ರು. ಪ್ರತಿ ಸರ್ವೀಸಿಗೂ ಅಂತಿದ್ರು."

ಕೀಲಿ ತಿರುಗಿಸಿದಾಗ ಕಾರು ಒಂದೇ ಉಸಿರಿಗೆ ಸ್ಟಾರ್ಟ್ ಆಯಿತು. ಅವಳು ಬಾನೆಟ್ ಹಾಕಿ ಕೈ ತೊಳೆಯಲು ಹೋದಳು. ನಲ್ಲಿಯ ಕೆಳಗೆ ಸೋಪು ಉಜ್ಜುತ್ತ ಯೋಚಿಸಿದಳು. ಸಾವಿನ ಮನೆಯಲ್ಲಿ ಯಾರು ತಾನೇ ಕೆಟ್ಟದ್ದು ಹೇಳುತ್ತಾರೆ? ಮಗಳಿಗೆ ಸಮಾಧಾನವಾಗಲಿ ಅಂತ ಗಡ್ಡ ಒಂದಕ್ಕೆ ಎರಡು ಸೇರಿಸಿರಬಹುದು. ಫಿಲ್ಟರನ್ನು ಯಾವ ಮೆಕ್ಯಾನಿಕ್ ಬೇಕಾದರೂ ಬದಲಾಯಿಸುತ್ತಾನೆ. ಫೋನ್ ಬಂದದ್ದು ನಿಜ. ಆ ಕಡೆ ಅಪ್ಪ ನಗುತ್ತಿದ್ದನೋ, ಹಲ್ಲು ಕಚ್ಚಿಕೊಂಡು ಕೂತಿದ್ದನೋ, ಅದು ಗಡ್ಡನ ಬಾಯಿಮಾತು ಮಾತ್ರ.

*

ವ್ಯಾನು ಮುಂದೆ ಹೊರಟಿತು. ಅದರ ಹಿಂದೆ ಅಪ್ಪನ ಕಾರು. ಮುಂದಿನ ಸೀಟಿನಲ್ಲಿ ಅಮ್ಮ, ಹಿಂದೆ ಟೈಲರ್. ಅದರ ಹಿಂದೆ ಮಾವನ ದೊಡ್ಡ ಕಾರು, ಕೊನೆಗೆ ಸ್ಕೂಟರಿನಲ್ಲಿ ಗಡ್ಡ.

ಸ್ಟಿಯರಿಂಗ್ ಹಗುರವಾಗಿತ್ತು, ಟಯರುಗಳಲ್ಲಿ ಗಾಳಿ ಸರಿಯಾಗಿತ್ತು. ಮೂರು ವಾರ ನಿಂತಿದ್ದರೂ ಇಳಿದಿರಲಿಲ್ಲ. ಅವಳು ವ್ಯಾನಿಗೂ ತನಗೂ ನಡುವೆ ಉದ್ದಕ್ಕೆ ಜಾಗ ಬಿಟ್ಟು ಓಡಿಸಿದಳು. ಅಪ್ಪ ಹಾಗೇ ಓಡಿಸುತ್ತಿದ್ದ. ಬ್ರೇಕ್ ತುಳಿಯುವವನು ಮುಂದೆ ನೋಡದೆ ಓಡಿಸುವವನು, ಅವನು ಸುಟ್ಟ ಪೆಟ್ರೋಲನ್ನೆಲ್ಲ ಚಕ್ರಕ್ಕೆ ಉಜ್ಜಿ ಹಾಳು ಮಾಡುತ್ತಾನೆ ಅನ್ನುತ್ತಿದ್ದ. ಅವನ ಎಲ್ಲ ಸಿದ್ಧಾಂತಗಳಲ್ಲಿ ಅವಳು ಎಂದೂ ಅಲ್ಲಗಳೆಯದ ಒಂದೇ ಒಂದು ಅದು.

"ಮುಂದೆ ಸಿಗ್ನಲ್ ಕೆಂಪಿದೆ," ಅಂದಳು ಅಮ್ಮ. "ಈಗಲೇ ಕಾಲು ತೆಗಿ. ಹೋಗೋ ಹೊತ್ತಿಗೆ ಹಸಿರಾಗುತ್ತೆ."

ಜನ್ಮದಲ್ಲಿ ಸ್ಟಿಯರಿಂಗ್ ಮುಟ್ಟದವಳು ಅಮ್ಮ. ಅವಳು ಹೇಳಿದ ಹಾಗೇ ಆಯಿತು. ವ್ಯಾನೂ ಅವರೂ ತಲುಪುವ ಹೊತ್ತಿಗೆ ದೀಪ ಹಸಿರಾಯಿತು. ಹಿಂದೆ ಮಾವ ಹಾರ್ನ್ ಹೊಡೆದ.

"ಅವನಿಗೆ ಯಾವಾಗ್ಲೂ ಅವಸರ," ಅಂದಳು ಅಮ್ಮ. "ಸಾಯೋದಕ್ಕೆ ಹೋಗ್ತಿರೋನ ಹಾಗೆ."

ಹಿಂದಿನ ಸೀಟಿನಲ್ಲಿ ಟೈಲರ್ ಕೆಮ್ಮಿದ. ತಾನು ಏನಂದೆ ಅನ್ನುವುದು ಅಮ್ಮನಿಗೂ ಹೊಳೆಯಿತು. ಸೆರಗಿನ ತುದಿಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಅಲುಗಿತು. ನಗುತ್ತಿದ್ದಳೋ ಅಳುತ್ತಿದ್ದಳೋ, ಮಗಳು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಊರು ದಾಟಿತು. ಇಳಿಜಾರಿನ ನೆತ್ತಿ ಬಂತು. ಕೆಳಗೆ ರಸ್ತೆ ಉದ್ದಕ್ಕೆ ಬಿದ್ದುಕೊಂಡಿತ್ತು. ಅದರ ತುದಿಯಲ್ಲಿ ಒಂದು ಸಣ್ಣ ಏರು, ಏರಿನ ಮೇಲೆ ಸ್ಮಶಾನದ ಗೇಟು. ಅವಳ ಎಡಗೈ ಗೇರಿನ ಕಡೆ ಹೋಯಿತು. ಅದು ತಪ್ಪು ಅಂತ ತನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದರೂ ಇವತ್ತೊಂದು ದಿನ, ಅವನದೇ ಕಾರಿನಲ್ಲಿ, ಅವನು ಬಯಸಿದ ಹಾಗೇ ಇಳಿಯಲಿ.

ಅವಳ ಕೈಯ ಮೇಲೆ ಅಮ್ಮನ ಕೈ ಬಂದು ಕೂತಿತು.

"ಬೇಡ. ಗೇರಲ್ಲೇ ಇರ್ಲಿ."

"ಯಾಕಮ್ಮ? ಅಪ್ಪ ಇಲ್ಲಿ ನ್ಯೂಟ್ರಲ್ ಹಾಕ್ತಿದ್ದ."

"ಮೊದಲು ಹಾಕ್ತಿದ್ರು. ಆಮೇಲೆ ಬಿಟ್ಬಿಟ್ರು. ಗೇರಲ್ಲೇ ಇಟ್ಟು ಕಾಲು ತೆಗೀತಿದ್ರು. ನ್ಯೂಟ್ರಲಲ್ಲಿ ಸುಮ್ನೆ ಕುಡಿಯುತ್ತಂತೆ."

ಸುಮ್ನೆ ಕುಡಿಯುತ್ತೆ. ಅವಳು ಗೇರಿನಿಂದ ಕೈ ತೆಗೆದಳು. "ಯಾರು ಹೇಳಿದ್ರಂತೆ?"

"ನಾನೂ ಕೇಳ್ದೆ. ಇಷ್ಟು ವರ್ಷ ಯಾರ ಮಾತೂ ಕೇಳದೋರು, ಈಗ ಯಾರು ಹೇಳಿದ್ರು ಅಂತ. 'ಗೊತ್ತಿರೋರು ಹೇಳಿದಾರೆ' ಅಂದ್ರು." ಅಮ್ಮ ಕಿಟಕಿಯ ಕಡೆ ತಿರುಗಿದಳು. "ಯಾರೋ ಏನೋ."

ಮಗಳು ಪೆಡಲಿನಿಂದ ಕಾಲು ತೆಗೆದಳು. ಕಾರು ಗೇರಿನ ಹಿಡಿತದಲ್ಲೇ, ಓಡದೆ, ತಡವರಿಸದೆ ಇಳಿಯತೊಡಗಿತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿ ಎಂದೋ ಉಳಿದುಹೋಗಿದ್ದ ನಾಲ್ಕಾರು ಗುಂಡಿಗಳು ಮುಂದಕ್ಕೆ ಸರಿದು ಒಂದಕ್ಕೊಂದು ತಾಗಿದವು. ಕೆಳಗಿನ ಏರಿನಲ್ಲಿ ವೇಗ ತಾನಾಗಿ ಕರಗಿತು. ಅವಳು ಕ್ಲಚ್ ಒತ್ತಿದಳು. ಗೇಟಿನ ಪಕ್ಕದ ಮರದ ನೆರಳಿನಲ್ಲಿ, ವ್ಯಾನಿನ ಹಿಂದೆ, ಕಾರು ಕೊನೆಯ ಉಸಿರಿನಷ್ಟು ಮೆಲ್ಲಗೆ ನಿಂತಿತು. ಅವಳು ಕೈಬ್ರೇಕ್ ಎಳೆದಳು.

ಅಮ್ಮ ಇಳಿದು ವ್ಯಾನಿನ ಕಡೆ ನಡೆದಳು. ಟೈಲರ್ ಇಳಿದು ಕಾರಿನ ಹಿಂದೆ ನಿಂತು ಅಂಗಿ ಸರಿಮಾಡಿಕೊಂಡ. ಮಾವ ಬಾಗಿಲು ಬಡಿದು ಅವಳ ಕಿಟಕಿಗೆ ಬಂದ.

"ನಿಮ್ಮಪ್ಪನ ಕಾರಿಗೆ ಬ್ರೇಕ್ ಲೈಟೇ ಇಲ್ಲ. ಮನೆಯಿಂದ ಇಲ್ಲೀವರೆಗೂ ಒಂದ್ಸಲಾನೂ ಹತ್ಕೊಳ್ಲಿಲ್ಲ. ಎಲ್ಲಿ ಗುದ್ದಿಬಿಡ್ತೀನೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಬಂದೆ. ಮನೇಲಿ ಮೆಕ್ಯಾನಿಕ್ ಇದ್ದೂ ಹೀಗಾ?"

ಗಡ್ಡ ಸ್ಕೂಟರ್ ನಿಲ್ಲಿಸಿ ಕಾರಿನ ಹಿಂದಕ್ಕೆ ಬಂದ. ಮಗಳು ಕನ್ನಡಿಯನ್ನು ಸ್ವಲ್ಪ ತಿರುಗಿಸಿಕೊಂಡು ಬ್ರೇಕ್ ಪೆಡಲನ್ನು ಒತ್ತಿದಳು.

"ಎರಡೂ ಹತ್ತಿದೆ," ಅಂದ ಗಡ್ಡ ಹಿಂದಿನಿಂದ, ಗ್ಯಾರೇಜಿನಲ್ಲಿ ಅನ್ನುವ ಹಾಗೆ.

ಅವಳು ಕಾಲು ತೆಗೆಯಲಿಲ್ಲ. ಕನ್ನಡಿಯಲ್ಲಿ, ಮರದ ನೆರಳಿನಲ್ಲಿ, ಟೈಲರನ ಅಂಗಿಯ ಗುಂಡಿಗಳು ಮೇಲಿನಿಂದ ಕೆಳಗಿನವರೆಗೆ ಕೆಂಪಗೆ ಹೊಳೆಯುತ್ತಿದ್ದವು.